ಕೋಸಿನ ಸಸಿ: ಔಷಧಿ ಹುಡುಕುವ ಮೊದಲು ಎಲೆಯ ಅಡಿ ನೋಡಿ

ಅಕ್ಕಾ, ಕಾರವಾರದ ನಿಮ್ಮ ಮನೆ ಹಿತ್ತಲಲ್ಲಿ ನರ್ಸರಿಯಿಂದ ತಂದ ಕ್ಯಾಬೇಜ್, ಹೂಕೋಸು ಸಸಿ ನೆಟ್ಟಿದ್ದೀರಿ. ವಾರದೊಳಗೆ ಕೆಲವು ಬುಡದಲ್ಲೇ ತುಂಡಾಗಿ ಬಿದ್ದಿವೆ, ಉಳಿದವುಗಳ ಎಲೆ ಪೂರ್ತಿ ತೂತು, ಏನು ಹೊಡೆಯಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹೊಡೆಯಿರಿ ಅಂದಿದ್ದಾರೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ತರಕಾರಿಗೆ ಅದನ್ನು ಬಳಸುವುದನ್ನು 2005ರಲ್ಲೇ ನಿಷೇಧಿಸಿದ್ದಾರೆ. ಮನೆಯವರೇ ತಿನ್ನುವ ಕೋಸಿಗೆ ಅಂಥದ್ದು ಯಾಕೆ?

ನೀವು ಹೇಳಿದ್ದು ನೋಡಿದರೆ ನಿಮ್ಮಲ್ಲಿ ಇರುವುದು ಒಂದೇ ಹುಳ ಅಲ್ಲ. ಬುಡ ಕತ್ತರಿಸಿದ್ದು ಒಂದು, ಎಲೆ ತೂತು ಮಾಡಿದ್ದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಮೊದಲು ಬುಡದ್ದು. ತುಂಡಾದ ಸಸಿಯ ಸುತ್ತ ಬೆರಳಿನಿಂದ ಒಂದೆರಡು ಇಂಚು ಮಣ್ಣು ಕೆದಕಿ. ಬೂದು ಕಪ್ಪು ಬಣ್ಣದ ದಪ್ಪ ಹುಳ ಸುರುಳಿ ಸುತ್ತಿಕೊಂಡು ಮಲಗಿದ್ದರೆ ಅದು ಕತ್ತರಿ ಹುಳ. ಹಗಲು ಮಣ್ಣಲ್ಲಿ ಅಡಗಿರುತ್ತದೆ, ರಾತ್ರಿ ಎದ್ದು ಬಂದು ದಂಟು ಕಡಿಯುತ್ತದೆ. ಸಿಕ್ಕಿದ್ದನ್ನು ಅಲ್ಲೇ ಹೊಸಕಿ ಹಾಕಿ. ಒಂದೇ ಹುಳ ಒಂದು ರಾತ್ರಿಗೆ ಎರಡು ಮೂರು ಸಸಿ ಮುಗಿಸಬಲ್ಲದು, ಹಾಗಾಗಿ ಒಂದು ಸಿಕ್ಕರೂ ಲಾಭವೇ. ಉಳಿದ ಸಸಿಗಳಿಗೆ ಅಡಿಕೆ ಹಾಳೆಯ ಪಟ್ಟಿ ಸಾಕು. ಹಾಳೆಯನ್ನು ನೆನೆಸಿ ಮೆತ್ತಗೆ ಮಾಡಿ, ಮೂರು ಇಂಚು ಅಗಲಕ್ಕೆ ಸೀಳಿ, ಬಳೆಯಷ್ಟು ಅಗಲದ ಸುತ್ತು ಮಾಡಿ, ತೆಂಗಿನ ಕಡ್ಡಿ ಚುಚ್ಚಿ ನಿಲ್ಲಿಸಿ. ಸಸಿಯ ಸುತ್ತ ಇಟ್ಟು ಒಂದು ಇಂಚು ಮಣ್ಣಿನೊಳಗೆ ಒತ್ತಬೇಕು. ನಮ್ಮ ಶಿರಸಿ ಕಡೆ ಹಾಳೆಗೆ ಬರ ಇಲ್ಲ. ನಿಮಗೆ ಸಿಗದಿದ್ದರೆ ಪೇಪರ್ ಲೋಟದ ತಳ ಕತ್ತರಿಸಿ ಹಾಕಿ, ಅದೂ ನಡೆಯುತ್ತದೆ.

ಹುಳ ಸಿಗಲಿಲ್ಲ, ಆದರೆ ಮಣ್ಣಿನ ಮೇಲೆ, ಎಲೆ ಮೇಲೆ ಒಣಗಿದ ಲೋಳೆಯ ಹೊಳೆಯುವ ಗೆರೆ ಇದೆ ಅಂದರೆ ಬಸವನಹುಳು. ಚಿಪ್ಪು ಇರುವುದೂ ಬರುತ್ತದೆ, ಇಲ್ಲದ್ದೂ ಬರುತ್ತದೆ. ಸುತ್ತ ದರಕು (ಒಣಗಿದ ಎಲೆ) ಜಾಸ್ತಿ ಹಾಕಿದ್ದೀರಾ? ಅದರಡಿಯ ತಂಪೇ ಅವಕ್ಕೆ ಮನೆ. ಸಸಿ ಚಿಕ್ಕದಿರುವಾಗ ಬುಡದಿಂದ ದರಕನ್ನು ಒಂದು ಗೇಣು ದೂರ ಸರಿಸಿಡಿ, ಗಿಡ ಗಟ್ಟಿಯಾದ ಮೇಲೆ ಹತ್ತಿರ ಎಳೆದುಕೊಂಡರಾಯಿತು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಹಾಕಿಟ್ಟು, ಬೆಳಿಗ್ಗೆ ಎತ್ತಿ ನೋಡಿ. ಸಿಕ್ಕಿದ್ದನ್ನೆಲ್ಲ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆದರೆ ಉಪ್ಪನ್ನು ಮಣ್ಣಿಗೆ ಮಾತ್ರ ಸುರಿಯಬೇಡಿ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ, ಅದರ ಲೋಳೆಯಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಪರಾವಲಂಬಿ ಹುಳ ಇರಬಹುದು. ಒಲೆ ಬೂದಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಒಂದು ಸಲ ನೀರು ಬಿದ್ದರೆ ಮುಗೀತು. ಬಸವನಹುಳು ಕೊಲ್ಲಲು ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ಇರುವ ಮನೆಯವರು ತರಲೇಬಾರದು. ನಾಯಿ ಅದನ್ನು ತಿಂಡಿ ಅಂತ ತಿನ್ನುತ್ತದೆ, ತಿಂದರೆ ಜೀವಕ್ಕೇ ಅಪಾಯ.

ಈಗ ಎಲೆ ತೂತಿನ ವಿಷಯ. ಎಲೆ ಮಗುಚಿ ನೋಡಿ. ಮೇಲ್ಭಾಗದ ತೆಳು ಪೊರೆ ಹಾಗೇ ಉಳಿದು, ಅಡಿಯಿಂದ ಕೆರೆದು ತಿಂದ ಗುರುತು ಇದೆಯಾ? ಅರ್ಧ ಇಂಚಿಗಿಂತ ಚಿಕ್ಕ ಹಸಿರು ಹುಳ, ಎರಡೂ ತುದಿ ಚೂಪು. ಕಡ್ಡಿಯಿಂದ ಮುಟ್ಟಿದರೆ ವಿಲವಿಲ ಹಿಂದಕ್ಕೆ ಸರಿದು, ಎಳೆ ಬಿಟ್ಟುಕೊಂಡು ಎಲೆಯಿಂದ ಜೋತು ಬೀಳುತ್ತದೆ. ಹಾಗೆ ಮಾಡಿದರೆ ಅನುಮಾನವೇ ಬೇಡ, ಡೈಮಂಡ್ ಬ್ಯಾಕ್ ಪತಂಗದ ಮರಿ. ಕೋಸಿನ ಜಾತಿಗೆಲ್ಲ ಇದೇ ದೊಡ್ಡ ಶತ್ರು. ಸಿಕ್ಕಸಿಕ್ಕ ಔಷಧಿ ಹೊಡೆದೂ ಹೊಡೆದೂ ಅದಕ್ಕೆ ಹೆಚ್ಚಿನವು ನಾಟದಂತಾಗಿವೆ. ಔಷಧಿ ಸಾಯಿಸುವುದು ಅದನ್ನು ತಿನ್ನುವ ಕಣಜ, ಜೇಡಗಳನ್ನೇ ಜಾಸ್ತಿ.

ಇದು ನಿಮ್ಮ ಮನೆಗೆ ಬಂದಿದ್ದು ಹೇಗೆ ಗೊತ್ತಾ? ಬಹಳ ಸಲ ಸಸಿಯ ಜೊತೆಗೇ ಬರುತ್ತದೆ. ಮೊಟ್ಟೆ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಕೋಸಿನ ಅರ್ಧ ಆರೈಕೆ ನರ್ಸರಿಯಲ್ಲಿ ಆರಿಸುವಾಗಲೇ ಆಗಬೇಕು.

ಮುಂದಿನ ಸಲ ತರುವಾಗ ಟ್ರೇ ಕೈಗೆತ್ತಿಕೊಂಡು ನಾಲ್ಕಾರು ಸಸಿಯ ಎಲೆ ಮಗುಚಿ ನೋಡಿ. ನರ್ಸರಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ತೂತು, ಹುಳದ ಹಿಕ್ಕೆ, ಗಿಡದ ರಸ ಹೀರುವ ಬೂದು ಹೇನಿನ ಗುಂಪು ಕಂಡರೆ ಆ ಟ್ರೇ ಬೇಡ. ಎಲೆಯ ಅಂಚಿನಿಂದ ಒಳಗೆ ಇಂಗ್ಲಿಷಿನ ವಿ ಆಕಾರದಲ್ಲಿ ಹಳದಿಯಾಗಿ, ನರ ಕಪ್ಪಾಗಿದ್ದರೆ ಅದು ಕಪ್ಪು ಕೊಳೆ ರೋಗ. ಬೀಜದಿಂದಲೇ ಬರುವಂಥದ್ದು, ಮದ್ದಿಲ್ಲ. ಒಂದು ಸಸಿಯಲ್ಲಿ ಕಂಡರೂ ಪೂರ್ತಿ ಟ್ರೇ ಬಿಟ್ಟುಬಿಡಿ. ಒಂದು ಸಸಿಯನ್ನು ಗುಳಿಯಿಂದ ಎತ್ತಿಸಿ ಬೇರನ್ನೂ ನೋಡಿ. ಬಿಳಿ ಬೇರು ತೆಂಗಿನ ನಾರಿನ ಪುಡಿಯನ್ನು ಹಿಡಿದುಕೊಂಡಿದ್ದರೆ ಚೆನ್ನ. ಕಂದಾಗಿ ಸುತ್ತಿ ಸುತ್ತಿ ಕೂತಿದ್ದರೆ ಸಸಿಗೆ ವಯಸ್ಸಾಗಿದೆ. ನಾಲ್ಕೈದು ಎಲೆಯ, ಸುಮಾರು ನಾಲ್ಕು ವಾರದ ಸಸಿ ಸರಿ. "ದೊಡ್ಡ ಸಸಿ, ಬೇಗ ಬರುತ್ತೆ" ಅಂತ ಕೊಟ್ಟರೆ ನಂಬಬೇಡಿ. ಹೂಕೋಸಿನ ಮುದಿ ಸಸಿ ನೆಟ್ಟರೆ ಗಿಡ ಬೆಳೆಯುವ ಮೊದಲೇ ಅಂಗಿ ಗುಂಡಿಯಷ್ಟು ಚಿಕ್ಕ ಹೂ ಬಿಟ್ಟು ಕೈ ತೊಳೆದುಕೊಳ್ಳುತ್ತದೆ.

ಹೂಕೋಸಿನ ತಳಿಯನ್ನು ಕೇಳಿಯೇ ತನ್ನಿ. ಚಳಿಗಾಲದ ತಳಿ ತಂದರೆ ಕರಾವಳಿಯ ಸೆಕೆಗೆ ಬರೀ ಎಲೆ. ಬೇಗ ಬರುವ, ಸೆಕೆ ತಡೆಯುವ ತಳಿ ಬೇಕು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನೊಳಗೆ ನೆಟ್ಟರೆ ತಂಪಿನ ತಿಂಗಳುಗಳು ಸಿಗುತ್ತವೆ. ಫೆಬ್ರವರಿ ದಾಟಿತೋ, ಹುಳ ಜಾಸ್ತಿ, ಗಡ್ಡೆ ಸಡಿಲ, ಅಳಿವೆ ಹತ್ತಿರದ ಕೆಲವು ಬಾವಿಗಳಲ್ಲಿ ನೀರೂ ಉಪ್ಪಾಗಲು ಶುರು.

ತಂದ ತಕ್ಷಣ ನೆಡಬೇಡಿ. ಶೇಡ್ ನೆಟ್ ಕೆಳಗೆ ಬೆಳೆದ ಸಸಿ ನಿಮ್ಮ ಬಿಸಿಲಿಗೆ ಬಾಡುತ್ತದೆ. ನಾಲ್ಕೈದು ದಿನ ಬೆಳಗಿನ ಬಿಸಿಲಿಗೆ ಇಟ್ಟು, ಉಳಿದ ತರಕಾರಿಯಿಂದ ದೂರ ಇರಿಸಿ, ದಿನಾ ಎಲೆ ಅಡಿ ನೋಡಿ. ಮೊಟ್ಟೆಯೊಡೆದ ಮರಿಗಳು ಅಷ್ಟರಲ್ಲಿ ಬಯಲಾಗುತ್ತವೆ.

ನೆಟ್ಟ ದಿನವೇ ಪರದೆ ಹಾಕಿ. ಕ್ಯಾಬೇಜ್, ಹೂಕೋಸು, ನವಿಲುಕೋಸಿಗೆ ಜೇನುನೊಣ ಬರಬೇಕಾದ ಅಗತ್ಯವೇ ಇಲ್ಲ, ಹಾಗಾಗಿ ಕೊಯ್ಲಿನವರೆಗೂ ಮುಚ್ಚಿಡಬಹುದು. ಹಳೇ ಸೊಳ್ಳೆ ಪರದೆ ಸಾಕು. ಬಿದಿರಿನ ಸೀಳು ಬಗ್ಗಿಸಿ ಕಮಾನು ಮಾಡಿ, ಎಲೆಗೆ ತಾಗದ ಹಾಗೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ. ಎಲೆಗೆ ತಾಗಿಕೊಂಡಿದ್ದರೆ ಪತಂಗ ಹೊರಗೆ ಕೂತೇ ಮೊಟ್ಟೆ ಇಡುತ್ತದೆ. ಒಳಗೆ ಹುಳ ಇಟ್ಟುಕೊಂಡು ಮುಚ್ಚಿದರೆ ಮಾತ್ರ ಉಲ್ಟಾ ಆಗುತ್ತದೆ, ಅವಕ್ಕೇ ರಕ್ಷಣೆ ಕೊಟ್ಟ ಹಾಗೆ. ನಿಮ್ಮ ಕಡೆ ಹಳೇ ಮೀನುಬಲೆ ಸುತ್ತ ಕಟ್ಟುತ್ತಾರಲ್ಲ, ಅದು ಕೋಳಿಗೆ, ನವಿಲಿಗೆ ಸರಿ, ಪತಂಗಕ್ಕೆ ಏನೂ ಅಲ್ಲ. ನೆಲಕ್ಕೆ ಸಡಿಲ ಬಿಡಬೇಡಿ, ಹಾವು ಸಿಕ್ಕಿಕೊಂಡು ಸಾಯುತ್ತದೆ.

ಪರದೆ ಆಗದಿದ್ದರೆ ಸಾಸಿವೆ. ಕ್ಯಾಬೇಜ್ ಸಾಲುಗಳ ನಡುವೆ ಸಾಸಿವೆ ಬಿತ್ತಿದರೆ ಪತಂಗ ಅದಕ್ಕೇ ಮೊದಲು ಹೋಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ ಕ್ರಮ: 25 ಸಾಲು ಕ್ಯಾಬೇಜ್‌ಗೆ ಜೋಡಿ ಸಾಲು ಸಾಸಿವೆ, ಅದರಲ್ಲಿ ಒಂದು ಸಾಲನ್ನು ಕ್ಯಾಬೇಜ್ ನೆಡುವ 15 ದಿನ ಮೊದಲು, ಇನ್ನೊಂದನ್ನು ಕ್ಯಾಬೇಜ್ ನೆಟ್ಟು 25 ದಿನಕ್ಕೆ ಬಿತ್ತಬೇಕು. ಹಿತ್ತಲಿಗೆ ಸುತ್ತ ಒಂದು ಸಾಲು ಸಾಕು, ಅಡುಗೆಮನೆ ಡಬ್ಬಿಯ ಸಾಸಿವೆಯೇ ಹುಟ್ಟುತ್ತದೆ. ಆದರೆ ಆ ಸಾಸಿವೆಯ ಹುಳವನ್ನು ನೀವು ಸಾಯಿಸಲೇಬೇಕು. ಸುಮ್ನೆ ಬಿಟ್ಟರೆ ಅಲ್ಲೇ ಸಂಸಾರ ಬೆಳೆಸಿ ಕೋಸಿಗೆ ಬರುತ್ತದೆ.

ಈಗಿರುವ ಹುಳಕ್ಕೆ ಕೈಯಿಂದ ಹೆಕ್ಕುವುದೇ ಮೊದಲು. ಇಪ್ಪತ್ತು ಮೂವತ್ತು ಗಿಡಕ್ಕೆ ಬೆಳಗಿನ ಚಹಾದ ಜೊತೆ ಮುಗಿಯುವ ಕೆಲಸ. ಆಮೇಲೆ ಬೇವಿನ ಬೀಜದ ಕಷಾಯ: ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಹಿಂಡಿ, ಸ್ವಲ್ಪ ಸೋಪು ಸೇರಿಸಿ. ಕೋಸಿನ ಎಲೆ ಮೇಣದಂತೆ ಜಾರುತ್ತದೆ, ಸೋಪು ಇಲ್ಲದಿದ್ದರೆ ಹನಿ ಉರುಳಿ ಹೋಗುತ್ತದೆ. ಸಂಜೆಯೇ ಹೊಡೆಯಿರಿ, ಎಲೆಯ ಅಡಿಗೆ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಬಿಟಿ ಪುಡಿ (ಹುಳವನ್ನು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ್ದು), ಪ್ಯಾಕೆಟ್ ಮೇಲಿನ ಅಳತೆಯಲ್ಲಿ. ಅದು ಪತಂಗದ ಮರಿಗಳಿಗೆ ಮಾತ್ರ, ಹೇನಿಗೂ ಬಸವನಹುಳುವಿಗೂ ಕೆಲಸ ಮಾಡುವುದಿಲ್ಲ. ಎಲೆ ಮೇಲೆ ಸಣ್ಣ ಬಿಳಿ ಗೂಡಿನ ಪಕ್ಕ ಸುಸ್ತಾದ ಹುಳ ಕಂಡರೆ ಮುಟ್ಟಬೇಡಿ, ಅದು ಕಣಜದ ಕೆಲಸ. ಗುಲಗಂಜಿ ಹುಳದ ಮರಿ ನೋಡಲು ವಿಕಾರ, ಕಪ್ಪಗೆ ಮುಳ್ಳುಮುಳ್ಳು. ಅದನ್ನೂ ಬಿಡಿ, ಹೇನು ತಿನ್ನುತ್ತದೆ.

ಇನ್ನೊಂದು. ಹೂಕೋಸಿನ ಎಲೆ ಅಗಲವೇ ಇಲ್ಲದೆ ಬರೀ ನಡುನರ ಮಾತ್ರ ಪಟ್ಟಿಯ ಹಾಗೆ ಬಂದಿದ್ದರೆ ಹುಳ ತಿಂದದ್ದಲ್ಲ. ನಮ್ಮ ಹುಳಿ ಕೆಂಪುಮಣ್ಣಿನಲ್ಲಿ ಮಾಲಿಬ್ಡಿನಮ್ ಎಂಬ ಪೋಷಕಾಂಶ ಗಿಡಕ್ಕೆ ಸಿಗುವುದಿಲ್ಲ, ಅದರ ಲಕ್ಷಣ. ನೆಡುವ ಎರಡು ಮೂರು ವಾರ ಮೊದಲು ಮಣ್ಣಿಗೆ ಚಿಪ್ಪಿನ ಸುಣ್ಣ ಸೇರಿಸಿದರೆ ಸರಿಹೋಗುತ್ತದೆ, ಈ ಸಲ ತಡವಾಯಿತು.

ತೂತು ಬಿದ್ದ ಹೊರ ಎಲೆಗಳ ಚಿಂತೆ ಬಿಡಿ. ಸುಳಿ ಚೆನ್ನಾಗಿದ್ದರೆ ಗಿಡ ಎದ್ದು ಬರುತ್ತದೆ. ಸುಳಿಯೇ ಹೋಗಿದ್ದರೆ ಕಿತ್ತುಬಿಡಿ, ಅದು ನಾಲ್ಕು ಕವಲೊಡೆದು ಕೆಲಸಕ್ಕೆ ಬಾರದ ಗಡ್ಡೆ ಬಿಡುತ್ತದೆ. ಖಾಲಿ ಜಾಗಕ್ಕೆ ನವಿಲುಕೋಸು ಹಾಕಿ, ನೆಟ್ಟು ಎರಡು ತಿಂಗಳೊಳಗೆ ಕೈಗೆ ಬರುತ್ತದೆ, ಈ ಮೂರರಲ್ಲಿ ನಿಮ್ಮ ಕಡೆಗೆ ಅದೇ ಸುಲಭ. ಇವತ್ತು ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಹೋಗಿ, ಕಂಡದ್ದರ ಫೋಟೊ ಹಾಕಿ. ಎಲೆಯ ಅಡಿಯದ್ದೂ ಒಂದು ಇರಲಿ.