ಕವಾಟಗಳು ಅಭಿಧಮನಿಗಳಲ್ಲೇ ಏಕೆ?
ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಗಳಲ್ಲಿ ಕಾಣದ ಕವಾಟಗಳು (ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳು), ರಕ್ತವನ್ನು ಹೃದಯಕ್ಕೆ ಮರಳಿ ತರುವ ಅಭಿಧಮನಿಗಳಲ್ಲಿ ಏಕಿವೆ ಎಂದು ತಾವು ಕೇಳಿದ್ದೀರಿ. ಉತ್ತರ ಇರುವುದು ಒತ್ತಡದಲ್ಲಿ. ಹೃದಯವು ರಕ್ತವನ್ನು ರಭಸದಿಂದ ನೂಕುವುದರಿಂದಲೂ, ಹೃದಯದ ದ್ವಾರದಲ್ಲೇ ಕವಾಟಗಳಿರುವುದರಿಂದಲೂ, ದಪ್ಪ ಗೋಡೆಯ ಅಪಧಮನಿಗಳಿಗೆ ಬೇರೆ ತಡೆ ಬೇಕಾಗುವುದಿಲ್ಲ. ಆದರೆ ಅಪಧಮನಿಗಳನ್ನು ಅಭಿಧಮನಿಗಳಿಗೆ ಜೋಡಿಸುವ, ಒಂದೇ ಜೀವಕೋಶದಷ್ಟು ತೆಳುವಾದ ಗೋಡೆಯ ಲೋಮನಾಳಗಳಲ್ಲಿ ಕೆಂಪು ರಕ್ತಕಣಗಳು ಒಂದರ ಹಿಂದೊಂದು ನುಸುಳಿ, ಆಮ್ಲಜನಕವನ್ನು ಅಂಗಾಂಶಗಳಿಗೆ ಒಪ್ಪಿಸಿ ಹೊರಬರುವಷ್ಟರಲ್ಲಿ ಆ ಒತ್ತಡ ಬಹುಪಾಲು ಕುಗ್ಗಿರುತ್ತದೆ. ಆದ್ದರಿಂದ ಕಾಲಿನ ಅಭಿಧಮನಿಗಳಲ್ಲಿ ರಕ್ತವು ಮೇಲೇರಬೇಕಾದರೆ, ನಡೆಯುವಾಗ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಎತ್ತಬೇಕು. ಎತ್ತಿದ್ದು ಮತ್ತೆ ಕೆಳಗಿಳಿಯದಂತೆ ಕವಾಟಗಳು ತಡೆಯಬೇಕು. ಈ ಕವಾಟಗಳು ಸಡಿಲಗೊಂಡಾಗ ರಕ್ತ ಕೆಳಗೇ ನಿಂತು, ಕಾಲಿನ ಮೇಲೆ ನೀಲಿ ಗಂಟುಗಳು ಎದ್ದು ಕಾಣುತ್ತವೆ. ಆಡುಮಾತಿನಲ್ಲಿ ಅದನ್ನು ‘ನರ ಉಬ್ಬಿದೆ’ ಎನ್ನುತ್ತೇವೆ. ಉಬ್ಬಿರುವುದು ನರವಲ್ಲ, ಅಭಿಧಮನಿ.