ಸ್ಪ್ಯಾನಿಷ್ ನೆಂಟಸ್ತಿಕೆಯ ಪದಗಳನ್ನು ಕನ್ನಡದ ಮೂಲಕ ಕಲಿಯುವುದು

ಸ್ಪ್ಯಾನಿಷ್‌ನಲ್ಲಿ ಕುಟುಂಬ ಮತ್ತು ಸಂಬಂಧಗಳ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಬಾಯಿಪಾಠ ಮಾಡಿದ್ದೀರಿ, ಆದರೂ ಮಾತಿಗೆ ಕುಳಿತಾಗ ಯಾವುದೂ ಸರಿಯಾಗಿ ಒದಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಇಂಗ್ಲಿಷ್ ಅರ್ಥಗಳನ್ನು ಅಳಿಸಿಹಾಕಿ, ಪ್ರತಿ ಪದದ ಮುಂದೆ ಕನ್ನಡದ ಸಂಬಂಧವಾಚಕವನ್ನು ಬರೆದುಕೊಳ್ಳಿ ಎಂಬುದು ನನ್ನ ಸಲಹೆ. ನನ್ನ ಮಗಳಿಗೆ ಸ್ಪೇನ್‌ನ ವೆಲೆನ್ಸಿಯಾದ ಹುಡುಗನೊಡನೆ ಮದುವೆ ನಿಶ್ಚಯವಾದ ಮೇಲೆ, ಬೀಗರ ಮನೆಯವರೊಡನೆ ನಾಲ್ಕು ಮಾತು ಆಡಲೇಬೇಕೆಂಬ ಆಸೆಯಿಂದ ಅರವತ್ತು ದಾಟಿದ ವಯಸ್ಸಿನಲ್ಲಿ ನಾನು ಈ ಭಾಷೆಗೆ ಕೈಹಾಕಿದೆ. ಮೊದಲ ಆರು ತಿಂಗಳು ಇಂಗ್ಲಿಷ್ ಪಟ್ಟಿಗಳಲ್ಲೇ ಕಳೆದುಹೋದವು.

ಮದುವೆಯ ದಿನ ಅಳಿಯನ ತಾಯಿ ನನ್ನ ಹೆಂಡತಿಯ ಕೈ ಹಿಡಿದು ತಮ್ಮ ನೆಂಟರಿಗೆಲ್ಲ 'ಮಿ ಕೊನ್ಸ್ವೇಗ್ರಾ' ಎಂದು ಪರಿಚಯಿಸಿದರು. ನನ್ನ ಇಂಗ್ಲಿಷ್ ಪಟ್ಟಿಯಲ್ಲಿ ಆ ಪದ ಇರಲೇ ಇಲ್ಲ, ಏಕೆಂದರೆ ಇಂಗ್ಲಿಷ್‌ನಲ್ಲಿ ಅದಕ್ಕೆ ಒಂದೇ ಪದದ ಸಮಾನಾರ್ಥಕ ಬಳಕೆಯಲ್ಲಿಲ್ಲ. ನಮ್ಮಲ್ಲಾದರೋ ಅದು ಎಲ್ಲರ ಬಾಯಲ್ಲಿರುವ 'ಬೀಗಿತ್ತಿ'. 'ಸ್ವೇಗ್ರಾ' ಎಂದರೆ ಗಂಡನ ಅಥವಾ ಹೆಂಡತಿಯ ತಾಯಿ. 'ಜೊತೆ' ಎಂಬ ಅರ್ಥದ 'ಕೊನ್' ಅದರ ಹಿಂದೆ ಸೇರಿದರೆ ಬೀಗಿತ್ತಿ, 'ಕೊನ್ಸ್ವೇಗ್ರೊ' ಎಂದರೆ ಬೀಗ. ಇದೇ ಬಗೆಯಲ್ಲಿ 'ಕುಞಾದೊ' ಎಂಬುದು ಭಾವ, ಮೈದುನ ಇಬ್ಬರಿಗೂ ಸಲ್ಲುತ್ತದೆ. ಅದರಿಂದ ಹುಟ್ಟಿದ 'ಕೊಂಕುಞಾದೊ' ನಮ್ಮ ಷಡ್ಡಕನನ್ನೂ, 'ಕೊಂಕುಞಾದಾ' ನಮ್ಮ ಓರಗಿತ್ತಿಯನ್ನೂ ಒಳಗೊಳ್ಳುತ್ತದೆ. ಇಷ್ಟು ಸುಲಭವಾಗಿ ಹೊಂದುವ ಪದಗಳನ್ನು ಇಂಗ್ಲಿಷ್‌ನ ಸುತ್ತುದಾರಿಯಲ್ಲಿ ಕಲಿಯಲು ಹೊರಟಿದ್ದೆನಲ್ಲ ಎಂದು ಅಂದು ನಿಜಕ್ಕೂ ಬೇಸರವಾಯಿತು.

ಆದರೆ ಎಲ್ಲವೂ ಹೀಗೆ ಹೊಂದುವುದಿಲ್ಲ, ಹೊಂದದ ಕಡೆಯೇ ಹೆಚ್ಚಿನ ಗಮನ ಬೇಕು. ಅದೇ ಮದುವೆಯಲ್ಲಿ ನಾನು ನನ್ನ ದೊಡ್ಡಪ್ಪನ ಮಗನನ್ನು 'ಮಿ ಎರ್ಮಾನೊ', ಅಂದರೆ ನನ್ನ ಸಹೋದರ, ಎಂದು ಪರಿಚಯಿಸಿದೆ. ನಮಗೆ ಅವನು ಅಣ್ಣನೇ. ಅವರಿಗೆ ಮಾತ್ರ ಎರ್ಮಾನೊ ಎಂದರೆ ಒಡಹುಟ್ಟಿದವನು. ಸ್ವಲ್ಪ ಹೊತ್ತಿನ ಬಳಿಕ ಬೀಗರು ನಮ್ಮಿಬ್ಬರ ತಂದೆಯ ವಿಷಯ ಕೇಳಿದಾಗ ಗೊಂದಲವೆಲ್ಲ ಹೊರಬಿತ್ತು. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ, ಸೋದರಮಾವನ ಮಗ, ಸೋದರತ್ತೆಯ ಮಗ, ನಾಲ್ವರೂ ಅಲ್ಲಿ 'ಪ್ರೀಮೊ', ಹೆಣ್ಣಾದರೆ 'ಪ್ರೀಮಾ'. ಹತ್ತಿರದ ಸಂಬಂಧವೆಂದು ಒತ್ತಿ ಹೇಳಬೇಕಿದ್ದರೆ 'ಪ್ರೀಮೊ ಎರ್ಮಾನೊ' ಎನ್ನಬಹುದು. ಅಣ್ಣನಿಗೂ ತಮ್ಮನಿಗೂ ಬೇರೆ ಪದಗಳಿಲ್ಲದ ಕಾರಣ 'ಎರ್ಮಾನೊ ಮಯೋರ್', 'ಎರ್ಮಾನೊ ಮೆನೋರ್' ಎಂದು ಹಿರಿಕಿರಿತನವನ್ನು ಸೇರಿಸಿ ಹೇಳುತ್ತಾರೆ.

ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ 'ತೀಯೊ' ಎಂಬ ಒಂದೇ ಪದದಲ್ಲಿ ಅಡಗುತ್ತಾರೆ. ಇದು ಆ ಭಾಷೆಯ ಮೂಲದಿಂದ ಬಂದ ಬಡತನವಲ್ಲ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಸ್ಪ್ಯಾನಿಷ್‌ನ ತಾಯಿಯಾದ ಲ್ಯಾಟಿನ್‌ನಲ್ಲಿ ತಂದೆಯ ಸಹೋದರನಿಗೆ 'ಪಾತ್ರುವುಸ್', ತಾಯಿಯ ಸಹೋದರನಿಗೆ 'ಅವುಂಕುಲುಸ್', ತಂದೆಯ ಸಹೋದರಿಗೆ 'ಅಮಿತಾ', ತಾಯಿಯ ಸಹೋದರಿಗೆ 'ಮಾತೆರ್ತೆರಾ' ಎಂದು ನಮ್ಮಂತೆಯೇ ಬೇರೆ ಬೇರೆ ಹೆಸರುಗಳಿದ್ದವು. ಗ್ರೀಕ್‌ನಿಂದ ಬಂದ ತೀಯೊ ಮತ್ತು ತೀಯಾ ಸ್ಪ್ಯಾನಿಷ್‌ನಲ್ಲಿ ಅವೆಲ್ಲದರ ಜಾಗವನ್ನು ಆಕ್ರಮಿಸಿದವು. ಈಗ ಸೋದರಮಾವ ಎಂದು ಖಚಿತವಾಗಿ ಹೇಳಬೇಕಾದರೆ 'ತೀಯೊ ಪೊರ್ ಪಾರ್ತೆ ದೆ ಮಾದ್ರೆ', ಎಂದರೆ ತಾಯಿಯ ಕಡೆಯ ತೀಯೊ, ಎನ್ನಬೇಕು. ಸ್ಪೇನ್‌ನ ಯುವಕರು ಗೆಳೆಯರನ್ನೂ ತೀಯೊ ಎಂದು ಕರೆಯುತ್ತಾರೆ; ಕೇಳಿ ಅರ್ಥಮಾಡಿಕೊಳ್ಳಿ, ಹಿರಿಯರ ಮುಂದೆ ನೀವು ಬಳಸಬೇಡಿ.

ಇದಕ್ಕೆ ವಿರುದ್ಧವಾಗಿ, ಕನ್ನಡದಲ್ಲಿ ಒಂದೇ ಪದವಿದ್ದು ಅಲ್ಲಿ ಎರಡಾಗುವ ಸಂಬಂಧಗಳೂ ಇವೆ. ಸೋದರಿಕೆಯ ಮದುವೆಯ ರೂಢಿಯಿಂದಾಗಿ ನಮ್ಮಲ್ಲಿ ಅತ್ತೆ ಎಂದರೆ ತಂದೆಯ ಸೋದರಿಯೂ ಹೌದು, ಗಂಡನ ತಾಯಿಯೂ ಹೌದು. ಅಳಿಯ ಎಂದರೆ ಮಗಳ ಗಂಡನೂ ಹೌದು, ಸೋದರಳಿಯನೂ ಹೌದು. ಸ್ಪ್ಯಾನಿಷ್‌ನಲ್ಲಿ ಮೊದಲ ಅತ್ತೆ ತೀಯಾ, ಎರಡನೆಯವರು ಸ್ವೇಗ್ರಾ. ಮಗಳ ಗಂಡ 'ಯೆರ್ನೊ', ಸೋದರಳಿಯ 'ಸೊಬ್ರೀನೊ'. ಮಗನ ಹೆಂಡತಿ 'ನ್ವೇರಾ', ಸೋದರಸೊಸೆ 'ಸೊಬ್ರೀನಾ'. ಈ ಜೋಡಿಗಳನ್ನು ಒಂದೇ ದಿನ ಒಟ್ಟಿಗೆ ಕಲಿಯಿರಿ.

ಬಹುವಚನದಲ್ಲಿಯೂ ಎಚ್ಚರ ಅಗತ್ಯ. 'ಪಾದ್ರೆ' ಎಂದರೆ ತಂದೆ (ನಮ್ಮ 'ಪಾದ್ರಿ' ಇದೇ ಪದದ ಪೋರ್ಚುಗೀಸ್ ರೂಪದಿಂದ ಬಂದದ್ದು), ಆದರೆ 'ಪಾದ್ರೆಸ್' ಎಂದರೆ ಸಾಮಾನ್ಯವಾಗಿ ತಂದೆತಾಯಿ ಇಬ್ಬರೂ. 'ತ್ಯೇನೆಸ್ ಈಹೊಸ್?' ಎಂಬ ಪ್ರಶ್ನೆ ಗಂಡುಮಕ್ಕಳಿದ್ದಾರೆಯೇ ಎಂದಲ್ಲ, ಮಕ್ಕಳಿದ್ದಾರೆಯೇ ಎಂದು. 'ಪಾರ್ಯೆಂತೆಸ್' ಎಂಬುದು ಇಂಗ್ಲಿಷ್‌ನ ಪೇರೆಂಟ್ಸ್‌ನಂತೆ ಕೇಳಿಸಿದರೂ ಅದರ ಅರ್ಥ ನೆಂಟರು.

ವಾಕ್ಯಗಳಿಗೆ ಬಂದಾಗ ಕನ್ನಡ ಇನ್ನೂ ದೊಡ್ಡ ನೆರವು ನೀಡುತ್ತದೆ. 'ಮನೆ ಹುಡುಕುತ್ತಿದ್ದೇನೆ' ಎಂದು ನಾವು ವಿಭಕ್ತಿಯಿಲ್ಲದೆ ಹೇಳುತ್ತೇವೆ, ಆದರೆ 'ತಮ್ಮ ಹುಡುಕುತ್ತಿದ್ದೇನೆ' ಎನ್ನುವುದಿಲ್ಲ, 'ತಮ್ಮನನ್ನು' ಎಂದೇ ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿಯೂ 'ಬೂಸ್ಕೊ ಊನಾ ಕಾಸಾ' ಎಂದರೆ ಮನೆ ಹುಡುಕುತ್ತಿದ್ದೇನೆ, ತಮ್ಮನಾದರೆ 'ಬೂಸ್ಕೊ ಆ ಮಿ ಎರ್ಮಾನೊ'. ನಡುವಿನ ಆ 'ಆ' ನಮ್ಮ ದ್ವಿತೀಯಾ ವಿಭಕ್ತಿಯ ಕೆಲಸವನ್ನೇ ಮಾಡುತ್ತದೆ. ಪಠ್ಯಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ನಿಯಮ ಕನ್ನಡಿಗರ ಕಿವಿಯಲ್ಲಿ ಆಗಲೇ ಇದೆ. ಮದುವೆಯಾಗುವುದಕ್ಕೆ ಮಾತ್ರ ಅವರು 'ಜೊತೆ' ಎನ್ನುತ್ತಾರೆ: 'ಮಿ ಈಹಾ ಸೆ ಕಸೊ ಕೊನ್ ಊನ್ ವಲೆನ್ಸ್ಯಾನೊ'. ಅತ್ತೆಯೊಡನೆ ನನಗೆ ಚೆನ್ನಾಗಿ ಹೊಂದುತ್ತದೆ ಎನ್ನಲು 'ಮೆ ಯೇವೊ ಬ್ಯೆನ್ ಕೊನ್ ಮಿ ಸ್ವೇಗ್ರಾ'.

ಉಚ್ಚಾರಣೆಗೆ ಎರಡು ಮಾತು ಸಾಕು. ಸ್ಪ್ಯಾನಿಷ್‌ನ ತಕಾರ ದಂತ್ಯ, ನಮ್ಮ 'ತ'ದಂತೆ. ಇಂಗ್ಲಿಷ್ ಅಭ್ಯಾಸದಿಂದ 'ಟೀಯೊ' ಎನ್ನಬೇಡಿ. ಕುಞಾದೊ ಪದದ ನಡುವಿನ ಧ್ವನಿ ನಮ್ಮ ವರ್ಣಮಾಲೆಯ 'ಞ'.

ನೀನು, ನೀವು ಎಂಬ ಭೇದ ಅಲ್ಲಿ 'ತೂ' ಮತ್ತು 'ಉಸ್ತೇದ್' ಆಗಿ ಇದೆ, ಬಳಕೆ ಮಾತ್ರ ನಮ್ಮಂತಲ್ಲ. ನಾನು ಗೌರವದಿಂದ ಬೀಗಿತ್ತಿಯನ್ನು ಉಸ್ತೇದ್ ಎಂದೇ ಕರೆಯುತ್ತಿದ್ದೆ. ಎರಡನೆಯ ದಿನವೇ ಅವರು 'ತುತೇಯಮೆ', ಎಂದರೆ ನನ್ನನ್ನು ತೂ ಎಂದು ಕರೆಯಿರಿ, ಎಂದು ಕೇಳಿಕೊಂಡರು. ಸ್ಪೇನ್‌ನಲ್ಲಿ ಮನೆಯೊಳಗೆ ಉಸ್ತೇದ್ ಎಂದರೆ ದೂರ ಇಟ್ಟಂತೆ. ಆದರೆ ಕೊಲಂಬಿಯಾದ ಕೆಲವು ಭಾಗಗಳಲ್ಲಿ ಗಂಡಹೆಂಡಿರೂ ಪರಸ್ಪರ ಉಸ್ತೇದ್ ಎನ್ನುತ್ತಾರೆ, ಅರ್ಜೆಂಟೀನಾದಲ್ಲಿ ತೂ ಬದಲು 'ವೊಸ್' ಇದೆ. ನೀವು ಯಾವ ನಾಡಿನವರೊಡನೆ ಮಾತಾಡಬೇಕೋ ಅಲ್ಲಿಯ ರೂಢಿಯನ್ನು ಅವರನ್ನೇ ಕೇಳಿ.

ಪ್ರೀತಿಯ ಮಾತು ಉಳಿಯಿತು. ಅಪ್ಪ ಅಮ್ಮ ಮಕ್ಕಳ ನಡುವೆ ಸ್ಪೇನ್‌ನಲ್ಲಿ ಸಹಜವಾಗಿ ಬರುವ ಮಾತು 'ತೆ ಕ್ಯೇರೊ'. 'ತೆ ಆಮೊ' ಅದಕ್ಕಿಂತ ಗಾಢ, ದಿನಬಳಕೆಯಲ್ಲಿ ಅಪರೂಪ. ಕ್ಯೇರೊ ಎಂಬ ಕ್ರಿಯಾಪದಕ್ಕೆ 'ಬೇಕು' ಎಂಬ ಅರ್ಥವೂ ಇದೆ, 'ಕ್ಯೇರೊ ಊನ್ ಕಫೆ' ಎಂದರೆ ಒಂದು ಕಾಫಿ ಬೇಕು. ಒಂದೇ ಪದ ಕಾಫಿಗೂ ಮಗಳಿಗೂ ಹೇಗೆ ಸಲ್ಲುತ್ತದೆ ಎಂದು ಮೊದಲು ನನಗೆ ಅರ್ಥವಾಗಿರಲಿಲ್ಲ. ಆಮೇಲೆ, ನಮ್ಮ ಮನೆಯಲ್ಲಿ ತೀರ ಹತ್ತಿರದವರನ್ನು 'ನಮಗೆ ಬೇಕಾದವರು' ಎನ್ನುವುದು ನೆನಪಾಯಿತು. ಅದೇ ಕ್ರಿಯಾಪದದಿಂದ ಬಂದ 'ಕೆರೀದಾ' ಎಂಬ ಸಂಬೋಧನೆಯಿಂದ ನನ್ನ ಹೆಂಡತಿ ಈಗ ವೆಲೆನ್ಸಿಯಾಕ್ಕೆ ಕಾಗದ ಬರೆಯುತ್ತಾಳೆ: 'ಕೆರೀದಾ ಕೊನ್ಸ್ವೇಗ್ರಾ'.