ದಾವಣಗೆರೆಯವರಿಗೆ ಸಮುದ್ರದ ತಳ ಯಾಕೆ ಬೇಕು ಅಂದ್ರಲ್ಲ, ಅದಕ್ಕೆ

ಸರ್, ನಮ್ಮೂರಿಗೂ ಸಮುದ್ರಕ್ಕೂ ಏನ್ ಸಂಬಂಧ, ತಳದಲ್ಲಿ ಬರೀ ಮಣ್ಣು ಮರಳು ತಾನೆ ಅಂತ ಕೇಳಿದೀರಿ. ಒಂದ್ ಭಾನುವಾರ ಚಿತ್ರದುರ್ಗದ ಹತ್ರ ಇರೋ ಮರಡಿಹಳ್ಳಿಗೆ ಹೋಗ್ಬರ್ರಿ, ಅಲ್ಲಿ ತಲೆದಿಂಬು ಒಂದರ ಮೇಲೊಂದು ಪೇರಿಸಿಟ್ಟಂಗೆ ಕಲ್ಲುಗಳು ಐತೆ, ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿ ಲಾವಾ ಉಕ್ಕಿ, ತಣ್ಣೀರು ತಾಗಿದ ತಕ್ಷಣ ಮೇಲಿನ ಪದರ ಗಟ್ಟಿಯಾಗಿ ಒಳಗೆ ಇನ್ನೂ ಬಿಸಿ ಇದ್ದಾಗ್ಲೇ ಉಬ್ಬಿ ಉಬ್ಬಿ ಆಗಿರೋದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ನಾನು ಮೊದಲ್ನೇ ಸಲ ಆ ಗುಂಡಗಿನ ಬೆನ್ನ ಮೇಲೆ ಕೈ ಇಟ್ಟಾಗ ಮೈ ಜುಂ ಅಂತು, ಬಯಲುಸೀಮೆ ಬಿಸಿಲಲ್ಲಿ ನಿಂತು ಸಮುದ್ರದ ತಳ ಮುಟ್ತಿದೀನಲ್ಲ ಅಂತ.

ಇವತ್ತಿನ ಮಾತಿಗೆ ಬಂದ್ರೆ, ನೀವು ಫಾರಿನ್‌ಗೆ ವಿಡಿಯೋ ಕಾಲ್ ಮಾಡಿದ್ರೆ ಅದು ಹೋಗೋದು ಸ್ಯಾಟಲೈಟಲ್ಲಿ ಅಲ್ಲ, ಬಹುಪಾಲು ಸಮುದ್ರದ ತಳದಲ್ಲಿ ಮಲಗಿರೋ ಕೇಬಲಲ್ಲಿ, ಮುಂಬೈ ಚೆನ್ನೈ ದಡದಿಂದ ಹೊರಡ್ತವೆ, ಆಳದಲ್ಲಿ ತೋಟದ ನೀರಿನ ಪೈಪಿನಷ್ಟೇ ದಪ್ಪ.

ಮೀನಿನ ವಿಷ್ಯಾನೂ ಅಷ್ಟೇ. ಮಂಗಳೂರು ಕಡೆಯಿಂದ ಐಸ್ ಬಾಕ್ಸಲ್ಲಿ ಬರೋ ಸಿಗಡಿ, ಏಡಿ ಎಲ್ಲ ತಳದ ಕೆಸರಲ್ಲೇ ಬದುಕೋವು. ಮೇಲೆ ಸತ್ತಿದ್ದೆಲ್ಲ ಕೆಳಗಿಳಿದು ಅಲ್ಲೇ ಕೊಳೆತು ಗೊಬ್ಬರ ಆಗುತ್ತೆ, ಮಳೆಗಾಲದಲ್ಲಿ ತಣ್ಣನೆ ನೀರು ಆ ಸಾರ ಹೊತ್ಕೊಂಡು ಮೇಲೆ ಬಂದಾಗ್ಲೇ ಬಂಗುಡೆ, ಬೂತಾಯಿಗೆ ಮೇವು. ದೋಣಿ ಹಿಂದೆ ಎಳ್ಕೊಂಡು ಹೋಗೋ ಟ್ರಾಲ್ ಬಲೆ ಆ ತಳಾನೇ ಕೆರೆದು ಹೋಗುತ್ತೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ, ಜೂನ್ 1ರಿಂದ ಜುಲೈ 31ರ ತನಕ ಇರೋ ಮೀನುಗಾರಿಕೆ ನಿಷೇಧ ಸಾಲ್ದು ಅನ್ಸುತ್ತೆ.

ಮರಡಿಹಳ್ಳಿಗೆ ಹೋದ್ರೆ ಬೆಳಗ್ಗೇನೇ ಹೋಗ್ರಿ, ಒಂದು ಚೂರು ಕಲ್ಲೂ ಒಡ್ಕೊಂಡು ಬರ್ಬೇಡ್ರಿ.